ರೂಟರೂ ಅಲ್ಲ, ರೌಟರೂ ಅಲ್ಲ

ಹೋದ ತಿಂಗಳು ಸ್ಮಿತಾ ಎಂಬ ಹುಡುಗಿ ಒಮಾನಿನಿಂದ ಫೋನ್ ಮಾಡಿದಳು. ಬಾಗಲಕೋಟೆ ಕಡೆಯವಳು. ಎಂಸಿಎ ಮುಗಿಸಿ, ಮದುವೆಯಾಗಿ ಅಲ್ಲಿಗೆ ಹೋಗಿದ್ದಾಳೆ. ನಾನು ಎಂಟು ವರ್ಷ ಕಂಪ್ಯೂಟರ್ ಕಲಿಸಿದ, ಮಸ್ಕತ್ ಹತ್ತಿರದ ಅಲ್ ಖೌದ್‌ನಲ್ಲಿಯೇ ಅವಳಿಗೂ ಅದೇ ಕೆಲಸ ಸಿಕ್ಕಿದೆ. ಕುಶಲ ವಿಚಾರಿಸಿದ ಮೇಲೆ ದನಿ ತಗ್ಗಿಸಿ ಕೇಳಿದಳು: "ಅಕ್ಕಾ, ಒಂದ ಮಾತ ಕೇಳ್ತೀನ್ರಿ, ನಗಬ್ಯಾಡ್ರಿ. ರೂಟರ್ ಅನ್ನಬೇಕೋ, ರೌಟರ್ ಅನ್ನಬೇಕೋ? ಇಲ್ಲೆ ಒಬ್ಬೊಬ್ಬರು ಒಂದೊಂದು ಅಂತಾರ."

ನಾನು ನಗಲಿಲ್ಲ. ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕುಳಿತರೆ ಉದ್ದವಾಯಿತು. ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಸೇರುವ ಬೇರೆಯವರಿಗೂ ಉಪಯೋಗವಾಗಬಹುದು ಎನ್ನಿಸಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೂವತ್ತಾರನೆಯ ವಯಸ್ಸಿನಲ್ಲಿ ನಿವೃತ್ತಿಯ ನೆನಪು ಬರೆಯುವುದು ವಿಚಿತ್ರವೇ. ಆದರೆ ನಾನು ಕಲಿಸುತ್ತಿದ್ದ ಸಣ್ಣ ಸಂಸ್ಥೆ ಒಂದು ಕಾಲೇಜಿನಲ್ಲಿ ಸೇರಿಹೋಯಿತು, ನಮ್ಮ ಸಂಜೆಯ ತರಗತಿಗಳನ್ನು ರದ್ದು ಮಾಡಿದರು, ಅದೇ ವರ್ಷ ನನ್ನ ಯಜಮಾನರ ಕೆಲಸದ ಒಪ್ಪಂದವೂ ಮುಗಿಯಿತು. ಮೊದಲು ಹುದ್ದೆ ನಿವೃತ್ತವಾಯಿತು, ಅದರ ಹಿಂದೆ ನಾನು. ಗದಗಿನಲ್ಲಿ ನಮ್ಮ ತಾಯಿ ಇದನ್ನು ಬಂದವರಿಗೆಲ್ಲ ಹೇಳಿ ಮುಗಿಸಿದ್ದಾರೆ: "ನಮ್ಮ ಶೈಲಜಾ ರಿಟೈರ್ ಆಗ್ಯಾಳ." ಕೇಳಿದವರು ನನ್ನ ತಲೆಯಲ್ಲಿ ಬಿಳಿಕೂದಲು ಹುಡುಕುತ್ತಾರೆ.

ಸಂಸ್ಥೆ ಇದ್ದದ್ದು ವಿಶ್ವವಿದ್ಯಾಲಯದ ಹತ್ತಿರ, ಒಂದು ಲಾಂಡ್ರಿ ಮತ್ತು ಒಂದು ಶವರ್ಮಾ ಅಂಗಡಿಯ ಮೇಲಿನ ಮಹಡಿಯಲ್ಲಿ. ನಾಲ್ಕು ಕೋಣೆ, ಒಂದು ಪ್ರಯೋಗಾಲಯ. ಬೆಳಿಗ್ಗೆ ವಿದ್ಯಾರ್ಥಿಗಳು, ಸಂಜೆ ಐದರಿಂದ ಏಳರವರೆಗೆ ನೌಕರಿಯಲ್ಲಿದ್ದವರು. ನಮ್ಮ ಪ್ರಿನ್ಸಿಪಾಲರು ಧಾರವಾಡದ ಕುಲಕರ್ಣಿ ಸರ್. ಅವರ ಇಂಗ್ಲಿಷ್ ಗುರು ರೇಡಿಯೋ. ಚಿಕ್ಕಂದಿನಲ್ಲಿ ಲಂಡನ್ನಿನ ಸುದ್ದಿ ಕೇಳುತ್ತ, ಓದುವವರ ಜೊತೆಜೊತೆಗೆ ತಾವೂ ತುಟಿ ಅಲ್ಲಾಡಿಸುತ್ತ ಕಲಿತವರು. ಕಂಪ್ಯೂಟರ್ ಕೆಟ್ಟರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಉಚ್ಚಾರ ಕೆಟ್ಟರೆ ಬರುತ್ತಿತ್ತು.

ನನ್ನ ಸಂದರ್ಶನದಲ್ಲಿ ಅವರು ಕಂಪ್ಯೂಟರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಪ್ಪತ್ತು ಇಂಗ್ಲಿಷ್ ಪದಗಳ ಹಾಳೆಯೊಂದನ್ನು ಮುಂದಿಟ್ಟು ಜೋರಾಗಿ ಓದಲು ಹೇಳಿದರು. ನಾನು ಓದಿದೆ. ಒಂಬತ್ತನೆಯ ಪದಕ್ಕೆ ಅವರು ಕಣ್ಣು ಮುಚ್ಚಿಕೊಂಡರು.

"ಡಾಟಾ?"

"ಹೌದ್ರಿ ಸರ್. ಧಾರವಾಡದಾಗ ನಮ್ಮ ಪ್ರೊಫೆಸರ್ ಹಂಗ ಹೇಳಿಕೊಟ್ಟಾರ್ರಿ."

"ಡೇಟಾ," ಎಂದರು. ನೋವಿನಿಂದಲ್ಲ, ವೈದ್ಯರು ಔಷಧಿ ಬರೆದುಕೊಡುವ ಹಾಗೆ. "ಹೋಗ್ಲಿ ಬಿಡ್ರಿ. ಧಾರವಾಡದ ನೀರು ಕುಡದವರಿದ್ದೀರಿ, ಸುಧಾರಸ್ತೀರಿ. ಶನಿವಾರದಿಂದ ಬರ್ರಿ."

ನಾನು ಶನಿವಾರದಿಂದ ಹೋದೆ. ಆ ದಿನದಿಂದ ಡೇಟಾ ಎಂದೆ. ಮನೆಯಲ್ಲಿ ಡಾಟಾ ಎನ್ನುತ್ತಿದ್ದೆ. ಯಾರ ಜೊತೆಗೂ ವಾದ ಮಾಡುವ ಸ್ವಭಾವ ನನ್ನದಲ್ಲ. ಸಿಬ್ಬಂದಿ ಸಭೆಗಳಲ್ಲಿ ನಾನು ಎಂಟು ವರ್ಷಗಳಲ್ಲಿ ಒಟ್ಟು ನಾಲ್ಕು ಸಲ ಮಾತಾಡಿರಬೇಕು. ಅದರಲ್ಲಿ ಎರಡು ಸಲ ಕಿಟಕಿ ಮುಚ್ಚಿ ಎಂದು.

ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವರು ಇಬ್ರಾಹಿಂ. ಉಪ್ಪಿನಂಗಡಿಯ ಬ್ಯಾರಿ. ಯಂತ್ರ ಬಿಚ್ಚುವುದು, ಜೋಡಿಸುವುದು, ತಂತಿ ಎಳೆಯುವುದು ಎಲ್ಲ ಅವರದೇ. ಉಚ್ಚಾರದ ಜಗಳಗಳಲ್ಲಿ ಅವರು ಯಾವ ಪಕ್ಷಕ್ಕೂ ಸೇರಲಿಲ್ಲ. "ಮೇಡಂ, ನೀವು ಅದಕ್ಕೆ ಎಂಥ ಹೇಳಿದ್ರೂ ಅದರ ಮೇಲೆ ಕೂರುವ ಧೂಳು ಒಂದೇ," ಎನ್ನುತ್ತಿದ್ದರು.

ಜಗಳಗಳು ಇದ್ದೇ ಇದ್ದವು. ಲಿನಕ್ಸ್ ಎನ್ನುವವರು ಲೈನಕ್ಸ್ ಎನ್ನುವವರ ಪಕ್ಕದಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಚಿತ್ರದ ಕಡತವೊಂದಕ್ಕೆ ಗಿಫ್ ಎನ್ನಬೇಕೋ ಜಿಫ್ ಎನ್ನಬೇಕೋ ಎಂಬ ವಿಷಯದಲ್ಲಿ ನಮ್ಮ ಸುಡಾನಿ ಸಹೋದ್ಯೋಗಿಯೂ ಚೆನ್ನೈನ ಸಹೋದ್ಯೋಗಿಯೂ ಒಂದು ರಂಜಾನ್ ತಿಂಗಳಿಡೀ ಮಾತು ಬಿಟ್ಟಿದ್ದರು. ಈದ್ ಹಬ್ಬದ ದಿನ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಮರುವಾರ ಮತ್ತೆ ಶುರುವಾಯಿತು. ಇವೆಲ್ಲ ಶಿಕ್ಷಕರ ಕೋಣೆಯೊಳಗಿನ ವಿಷಯ ಎಂದು ನಾವು ತಿಳಿದಿದ್ದೆವು. ವಿದ್ಯಾರ್ಥಿಗಳು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಅರಿವು ನಮಗೆ ಬಂದದ್ದು ತಡವಾಗಿ.

ಅದು ಬಂದದ್ದು ಹೀಗೆ. ಬೆಳಗಿನ ತರಗತಿಗೆ ನಾನು ಡೇಟಾ ಎಂದು ಕಲಿಸುತ್ತಿದ್ದೆ. ಅದೇ ತರಗತಿಗೆ ವಾರಕ್ಕೆರಡು ದಿನ ಬರುತ್ತಿದ್ದ ಚೆನ್ನೈನವರು ಡಾಟಾ ಎಂದು ಕಲಿಸುತ್ತಿದ್ದರು. ವಿದ್ಯಾರ್ಥಿಗಳು ಅರಬಿ ಅಕ್ಷರಗಳಲ್ಲಿ, ಕಿವಿಗೆ ಬಿದ್ದಂತೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಎರಡು ತಿಂಗಳ ಮೇಲೆ ಒಬ್ಬ ಬುದ್ಧಿವಂತ ಹುಡುಗಿ ಕೈ ಎತ್ತಿ ಕೇಳಿದಳು: "ಉಸ್ತಾದಾ, ಕಂಪ್ಯೂಟರಿನಲ್ಲಿ ಡೇಟಾ ಹೆಚ್ಚು ಸುರಕ್ಷಿತವೋ, ಡಾಟಾನೋ?" ಉಸ್ತಾದಾ ಎಂದರೆ ಅಲ್ಲಿ ಶಿಕ್ಷಕಿ. ಅವಳ ಪುಸ್ತಕ ನೋಡಿದೆ. ಒಂದು ಪುಟದಲ್ಲಿ ಎರಡು ಕಾಲಂ ಗೀಚಿ, ಎರಡರ ಗುಣಲಕ್ಷಣಗಳನ್ನು ಹೋಲಿಸಿ ಬರೆದಿದ್ದಳು. ಹೋಲಿಕೆ ಬಹಳ ಅಚ್ಚುಕಟ್ಟಾಗಿತ್ತು.

ಈ ಸುದ್ದಿ ಕುಲಕರ್ಣಿ ಸರ್‌ಗೆ ಮುಟ್ಟಿದ್ದೇ ತಡ, ನನ್ನನ್ನು ಕರೆಸಿದರು.

"ಶೈಲಜಾ, ಒಂದು ಪಟ್ಟಿ ಮಾಡೂಣು. ನಲವತ್ತು ಪದ. ಈ ಸಂಸ್ಥಾದಾಗ ಇನ್ನ ಮ್ಯಾಲೆ ಎಲ್ಲಾರೂ ಹಂಗ ಅನ್ನಬೇಕು, ಹಿಂಗ ಅನ್ನಬಾರ್ದು. ಖಲಾಸ್."

"ಆಗ್ಲಿರಿ ಸರ್. ಇಂಗ್ಲಿಷಿನಾಗ ಟೈಪ್ ಮಾಡ್ಲ್ಯಾ?"

"ಇಂಗ್ಲಿಷಿನಾಗ ಬರದರ ಮತ್ತ ಅದ ಜಗಳ. ಒಬ್ಬಾವ ಹಂಗ ಓದ್ತಾನ, ಇನ್ನೊಬ್ಬಾವ ಹಿಂಗ ಓದ್ತಾನ." ಸ್ವಲ್ಪ ಹೊತ್ತು ಯೋಚಿಸಿದರು. ಮುಖ ಅರಳಿತು. "ಕನ್ನಡದಾಗ ಬರೀರಿ! ನಮ್ಮ ಲಿಪಿಯೊಳಗ ಬರದಂಗ ಓದೂದು, ಓದಿದಂಗ ಬರಿಯೂದು. ಇಬ್ಬರು ಎರಡು ಥರ ಓದಲಿಕ್ಕೆ ಸಾಧ್ಯನ ಇಲ್ಲ."

ತರ್ಕದಲ್ಲಿ ದೋಷವಿರಲಿಲ್ಲ. ನಾನು ದುಂಡಗಿನ ಅಕ್ಷರಗಳಲ್ಲಿ ನಲವತ್ತು ಪದ ಬರೆದೆ. ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಸಭಾಕೋಣೆಯ ಗೋಡೆಗೆ ಹಾಕಿದೆವು. ಸಿಬ್ಬಂದಿ ಹನ್ನೊಂದು ಮಂದಿ. ಅದನ್ನು ಓದಬಲ್ಲವರು ಮೂರು ಮಂದಿ: ಬರೆಸಿದವರು, ಬರೆದವಳು, ಮತ್ತು ಅದರ ಅಗತ್ಯವೇ ಇಲ್ಲದ ಇಬ್ರಾಹಿಂ.

"ಮೇಡಂ," ಎಂದರು ಇಬ್ರಾಹಿಂ, ಏಣಿಯಿಂದ ಇಳಿಯುತ್ತ, "ಇಡೀ ಅಲ್ ಖೌದ್‌ನಲ್ಲಿ ಇದೊಂದೇ ಕನ್ನಡ ಬೋರ್ಡ್ ಮಾರಾಯ್ರೆ. ರಾಜ್ಯೋತ್ಸವ ಇಲ್ಲೇ ಮಾಡುವ."

ಉಳಿದ ಎಂಟು ಮಂದಿಗೆ ಕನ್ನಡ ಬಾರದು ಎಂದು ಯಾರೂ ಕುಲಕರ್ಣಿ ಸರ್‌ಗೆ ಹೇಳಲಿಲ್ಲ. ಅವರು ಸ್ವತಃ ಗಮನಿಸಿದಾಗ ಪ್ಲಾಸ್ಟಿಕ್ ಹೊದಿಸಿ ಆಗಿತ್ತು. ತೆಗೆಸಿದರೆ ತಪ್ಪು ಒಪ್ಪಿಕೊಂಡಂತೆ. ಹೀಗಾಗಿ ಪಟ್ಟಿ ಅಲ್ಲಿಯೇ ಉಳಿಯಿತು. ಸುಡಾನಿನವರು ದಿನವೂ ಅದರ ಎದುರು ನನ್ನನ್ನು ನಿಲ್ಲಿಸಿ ಎರಡು ಪದ ಓದಿಸಿಕೊಂಡು ಹೋಗುತ್ತಿದ್ದರು. ಅದರ ಹನ್ನೆರಡನೆಯ ಸಾಲಿನಲ್ಲಿ ರೂಟರ್ ಇತ್ತು. ಹಲವು ಕಂಪ್ಯೂಟರುಗಳನ್ನು ಹೊರಗಿನ ಜಾಲಕ್ಕೆ ಜೋಡಿಸುವ ಆ ಸಣ್ಣ ಪೆಟ್ಟಿಗೆಯಿಂದಲೇ ನಾನು ಹೇಳಹೊರಟ ಮುಖ್ಯ ಸಂಗತಿ ಶುರುವಾಗುತ್ತದೆ.

ಆ ವರ್ಷ ಸಂಜೆಯ ತರಗತಿಗೆ ಖಮೀಸ್ ಎಂಬವರು ಸೇರಿದರು. ಐವತ್ತರ ಹತ್ತಿರದ ವಯಸ್ಸು. ಸೂರ್ ಪಟ್ಟಣದವರು. ಅವರ ತಂದೆ ಅಲ್ಲಿ ಮರದ ಹಡಗು ಕಟ್ಟುತ್ತಿದ್ದರಂತೆ, ಇವರೂ ಹರೆಯದಲ್ಲಿ ಆ ಕೆಲಸ ಮಾಡಿದವರು. ಈಗ ಮಸ್ಕತ್‌ನ ಒಂದು ಕಚೇರಿಯ ದಾಖಲೆ ವಿಭಾಗದಲ್ಲಿ ಗುಮಾಸ್ತರು. ಯಾವತ್ತೂ ಇಸ್ತ್ರಿ ಮಾಡಿದ ಬಿಳಿ ದಿಶ್‌ದಾಶಾ ನಿಲುವಂಗಿ, ಕಸೂತಿಯ ಟೊಪ್ಪಿ, ಕೈಯಲ್ಲಿ ಎರಡು ಪೆನ್ಸಿಲ್. ನಾನು ಕೋಣೆಗೆ ಬಂದರೆ ನನಗಿಂತ ಹದಿನೆಂಟು ವರ್ಷ ದೊಡ್ಡವರಾದ ಅವರು ಎದ್ದು ನಿಲ್ಲುತ್ತಿದ್ದರು. ಬೇಡ ಎಂದರೂ ಕೇಳಲಿಲ್ಲ. ನಮ್ಮ ಮಾತುಕತೆ ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ನಡೆಯುತ್ತಿತ್ತು.

ಅವರಿಗೆ ನಮ್ಮ ಪ್ರಮಾಣಪತ್ರ ಬೇಕಾಗಿತ್ತು. ಅವರ ಇಲಾಖೆಯ ಸೂರ್ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ತೆರೆಯುತ್ತಿದ್ದರು. ಪ್ರಮಾಣಪತ್ರವಿದ್ದರೆ ಆ ಹುದ್ದೆ ಅವರಿಗೆ. ಆರು ವರ್ಷಗಳಿಂದ ಅವರು ಅಲ್ ಖೌದ್‌ನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಹೆಂಡತಿ ಮಕ್ಕಳು ಸೂರ್‌ನಲ್ಲಿ. ಆಗ ಕರಾವಳಿಯ ಹೆದ್ದಾರಿ ಇನ್ನೂ ಆಗಿರಲಿಲ್ಲ. ಗುರುವಾರ, ಶುಕ್ರವಾರ ರಜೆ. ಬುಧವಾರ ನನ್ನ ತರಗತಿ ಮುಗಿಸಿ ಗುಡ್ಡಗಳ ಒಳದಾರಿ ಹಿಡಿದು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋಗುತ್ತಿದ್ದರು.

ಒಂದು ಶನಿವಾರ, ಊರಿಗೆ ಹೋಗಿಬಂದಿರಾ ಎಂದು ಔಪಚಾರಿಕವಾಗಿ ಕೇಳಿದೆ.

"ಹೋಗಿದ್ದೆ, ಉಸ್ತಾದಾ. ಕೊನೆಯ ಮಗಳಿಗೆ ಈಗ ಏಳು ವರ್ಷ. ನಾನು ಒಳಗೆ ಕಾಲಿಟ್ಟ ಕೂಡಲೇ ಖರ್ಜೂರದ ತಟ್ಟೆ ತಂದಿಟ್ಟಳು, ಕಾಫಿ ಬಗ್ಗಿಸಿಕೊಟ್ಟಳು, ಪ್ರಯಾಣ ಸುಖವಾಗಿತ್ತೇ ಎಂದು ಕೇಳಿದಳು."

"ಒಳ್ಳೆಯ ಹುಡುಗಿ," ಎಂದೆ.

"ಒಳ್ಳೆಯವಳೇ," ಎಂದರು. "ಅತಿಥಿಗಳಿಗೆ ಹಾಗೆಯೇ ಮಾಡಬೇಕು ಎಂದು ಅವಳ ತಾಯಿ ಕಲಿಸಿದ್ದಾಳೆ."

ಅದಾದ ಮೇಲೆ ಅವರನ್ನು ಪಾಸು ಮಾಡಿಸುವುದು ನನಗೆ ಬರಿಯ ಕೆಲಸವಾಗಿ ಉಳಿಯಲಿಲ್ಲ.

ಬರವಣಿಗೆಯ ಪರೀಕ್ಷೆಯಲ್ಲಿ ಅವರು ತರಗತಿಗೇ ಎರಡನೆಯವರಾದರು. ಉಳಿದದ್ದು ಮೌಖಿಕ. ಮೂರು ಅವಕಾಶ, ಮೂರರಲ್ಲೂ ತಪ್ಪಿದರೆ ವರ್ಷವಿಡೀ ಮತ್ತೆ ಓದಬೇಕು. ಸೂರ್‌ನ ಹುದ್ದೆ ಅಲ್ಲಿಯವರೆಗೆ ಕಾಯುವುದಿಲ್ಲ. ಮೌಖಿಕಕ್ಕೆ ಹೊರಗಿನಿಂದ ಪರೀಕ್ಷಕರು ಬರುತ್ತಿದ್ದರು. ಆ ಸಲ ಬಂದವರು ಬದ್ರಿಯಾ ಎಂಬ ಒಮಾನಿ ತರುಣಿ, ಅಮೆರಿಕದಲ್ಲಿ ಓದಿ ಬಂದವರು. ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯಬೇಕೆಂಬ ನಿಯಮವಿತ್ತು. ಸಭಾಕೋಣೆಯಲ್ಲಿ ಮೇಜಿನ ತಲೆಗೆ ಕುಲಕರ್ಣಿ ಸರ್, ಒಂದು ಬದಿಗೆ ಬದ್ರಿಯಾ, ಅಭ್ಯರ್ಥಿಯ ಪಕ್ಕದಲ್ಲಿ ಕಲಿಸಿದ ಶಿಕ್ಷಕಿಯಾದ ನಾನು. ಗೋಡೆಯ ಮೇಲೆ ಪಟ್ಟಿ.

ಬದ್ರಿಯಾ ಅದನ್ನು ನೋಡಿ ಕೇಳಿದರು: "ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೋಗಬೇಕು ಎಂಬ ಸೂಚನೆಯೇ?"

"ಹಾಗೆಯೇ ಇಟ್ಟುಕೊಳ್ಳಿ," ಎಂದರು ಕುಲಕರ್ಣಿ ಸರ್.

ಖಮೀಸ್ ಬಂದು ಕುಳಿತರು. ಬದ್ರಿಯಾ ಸುಲಭದ ಪ್ರಶ್ನೆಯಿಂದಲೇ ಶುರು ಮಾಡಿದರು: "ರೌಟರ್ ಏನು ಕೆಲಸ ಮಾಡುತ್ತದೆ, ಹೇಳಿ."

ರೌಟರ್ ಎಂಬುದು ಕಿವಿಗೆ ಬಿದ್ದಾಗ ಕುಲಕರ್ಣಿ ಸರ್ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. ಖಮೀಸ್ ಬಾಯಿ ತೆರೆದರು. ಪ್ರಿನ್ಸಿಪಾಲರನ್ನು ನೋಡಿದರು. ನನ್ನನ್ನು ನೋಡಿದರು. ಬಾಯಿ ಮುಚ್ಚಿ, ಮುಗುಳ್ನಕ್ಕು, ತಲೆ ತಗ್ಗಿಸಿದರು. ಬದ್ರಿಯಾ ಕಾದರು. ಡೇಟಾದ ಬಗ್ಗೆ ಕೇಳಿದರು. ಅವರದು ನಾವು ಅಲ್ಲಿಯವರೆಗೆ ಕೇಳಿರದ ಮೂರನೆಯ ಥರ, ಡ್ಯಾಟಾ. ಖಮೀಸ್ ಮತ್ತೆ ಮುಗುಳ್ನಕ್ಕರು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಅನುತ್ತೀರ್ಣ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಬರೆಯಬೇಕು. ಖಮೀಸ್‌ಗೆ ಪದ ನೆನಪಾಗುತ್ತಿಲ್ಲ, ನಾಲಿಗೆ ಹೊರಳುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ. ತರಗತಿಯ ನಂತರ ದಿನವೂ ಅರ್ಧ ಗಂಟೆ ಕೂರಿಸಿಕೊಂಡು ಉಚ್ಚಾರ ಕಲಿಸಿದೆ. "ಹೇಳಿ, ರೂಟರ್." ಅವರು ಹೇಳುತ್ತಿದ್ದರು: "ರೂಟರ್." "ಮತ್ತೊಮ್ಮೆ." "ರೂಟರ್." ಒಂದು ಸಲವೂ ತಪ್ಪಲಿಲ್ಲ. ಎಷ್ಟು ಸರಿಯಾಗಿ ಹೇಳುತ್ತಿದ್ದರೆಂದರೆ ಧಾರವಾಡದವರೇ ಹೇಳಿದ ಹಾಗಿರುತ್ತಿತ್ತು. ನಾನು ತೃಪ್ತಿಯಿಂದ ಎರಡನೆಯ ಸಲ ಕರೆದುಕೊಂಡು ಹೋದೆ. ಬದ್ರಿಯಾ ರೌಟರ್ ಎಂದರು. ಖಮೀಸ್ ನನ್ನ ಮತ್ತು ಪ್ರಿನ್ಸಿಪಾಲರ ಮುಖ ನೋಡಿ, ಮುಗುಳ್ನಕ್ಕು, ತಲೆ ತಗ್ಗಿಸಿದರು.

ನಾನು ಮರುದಿನದಿಂದ ಅರ್ಧ ಗಂಟೆಯನ್ನು ಮುಕ್ಕಾಲು ಗಂಟೆ ಮಾಡಿದೆ. ತಪ್ಪು ದಾರಿಯಲ್ಲಿರುವ ಶಿಕ್ಷಕರು ಸಾಮಾನ್ಯವಾಗಿ ವೇಗ ಹೆಚ್ಚಿಸುತ್ತಾರೆ.

ಮೂರನೆಯ ಮೌಖಿಕಕ್ಕೆ ಒಂದು ವಾರವಿತ್ತು. ಒಂದು ಸಂಜೆ ಪ್ರಯೋಗಾಲಯದ ಎಲ್ಲ ಯಂತ್ರಗಳಿಗೂ ಹೊರಜಾಲದ ಸಂಪರ್ಕ ತಪ್ಪಿಹೋಯಿತು. ನಾನು ಹೋಗಿ ನೋಡುವಾಗ ಮೇಜಿನ ಕೆಳಗೆ ಇಬ್ರಾಹಿಂ ಅವರ ಕಾಲುಗಳು ಕಾಣುತ್ತಿದ್ದವು. ಅವುಗಳ ಪಕ್ಕದಲ್ಲಿ ಇನ್ನೆರಡು ಕಾಲು, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ತುದಿ.

"ಇದು ಇದಕ್ಕೆ ಹೇಳುತ್ತಿಲ್ಲ," ಎನ್ನುತ್ತಿದ್ದರು ಖಮೀಸ್ ಹಿಂದಿಯಲ್ಲಿ. "ಇದು ಆ ಮನೆಯ ವಿಳಾಸ ಮರೆತಿದೆ. ಅದನ್ನು ಆರಿಸಿ, ಇಪ್ಪತ್ತರವರೆಗೆ ಎಣಿಸಿ, ಹಾಕು. ಆಮೇಲೆ ಇದನ್ನು. ಯಲ್ಲಾ!"

ಇಬ್ರಾಹಿಂ ಹಾಗೆಯೇ ಮಾಡಿದರು. ಪರದೆಗಳು ಒಂದೊಂದಾಗಿ ಸರಿಯಾದವು. ಖಮೀಸ್ ನನ್ನನ್ನು ಕಂಡು ಗಡಬಡಿಸಿ ಎದ್ದು, ಮಂಡಿಯ ಧೂಳು ಕೊಡವಿ, ಸಂಜೆಯ ಮಗ್ರಿಬ್ ನಮಾಜಿನ ಹೊತ್ತಾಯಿತೆಂದು ಹೊರಗೆ ಹೋದರು.

"ಇಬ್ರಾಹಿಂ ಅವರೇ, ಇವರಿಗೆ ಇದೆಲ್ಲ ಗೊತ್ತಿದೆಯಾ?"

"ಗೊತ್ತಿದೆಯಾ ಅಂತ ಕೇಳ್ತೀರಾ? ನನಗಿಂತ ಜಾಸ್ತಿ ಗೊತ್ತುಂಟು ಮೇಡಂ. ತಿಂಗಳಿಂದ ನಾನೇ ಅವರ ಹತ್ರ ಕೇಳುದು."

"ಮತ್ತೆ ಪರೀಕ್ಷೆಯಲ್ಲಿ ಯಾಕೆ ಬಾಯಿ ಬಿಡುವುದಿಲ್ಲ?"

ಇಬ್ರಾಹಿಂ ನನ್ನನ್ನು ಕನಿಕರದಿಂದ ನೋಡಿದರು. "ನೀವು ಅವರ ಹೆಸರು ಹೇಗೆ ಹೇಳ್ತೀರಿ, ಒಮ್ಮೆ ಹೇಳಿ ನೋಡುವ."

"ಖಮೀಸ್."

"ಅದು ನಮ್ಮ ಖಡ್ಗದ ಖ ಅಲ್ಲ ಮೇಡಂ. ಗಂಟಲಿನ ಒಳಗಿಂದ ಬರಬೇಕು. ನೀವು ಎಂಟು ತಿಂಗಳಿಂದ ತಪ್ಪು ಹೇಳ್ತಾ ಇದ್ದೀರಿ. ಅವರು ಒಮ್ಮೆಯಾದ್ರೂ ತಿದ್ದಿದ್ರಾ?"

ಇಲ್ಲ. ಅಷ್ಟೇ ಅಲ್ಲ, ನನಗೆ ಇನ್ನೊಂದು ನೆನಪಾಗಿ ಮುಖ ಬಿಸಿಯಾಯಿತು. ಸಂಸ್ಥೆಗೆ ಫೋನ್ ಮಾಡಿ ನನ್ನೊಂದಿಗೆ ಮಾತಾಡುವಾಗ ಅವರು ತಮ್ಮ ಹೆಸರನ್ನು ನಾನು ಹೇಳುವ ಹಾಗೆಯೇ ಹೇಳುತ್ತಿದ್ದರು.

ಮರುದಿನ ಪಾಠ ನಿಲ್ಲಿಸಿ ನೇರವಾಗಿ ಕೇಳಿದೆ. ಅವರು ಬಹಳ ಹೊತ್ತು ಪೆನ್ಸಿಲ್ ತಿರುಗಿಸಿದರು. ನಂತರ ಸೂರ್‌ನ ಮಾತು ತೆಗೆದರು.

"ನನ್ನ ತಂದೆಯ ಹತ್ತಿರ ಮಲಬಾರಿನ ಬಡಗಿಯೊಬ್ಬನಿದ್ದ, ಜಂಜಿಬಾರಿನಿಂದ ಬಂದವನೊಬ್ಬನಿದ್ದ. ಒಂದೇ ಮೊಳೆಗೆ ಮೂವರೂ ಮೂರು ಹೆಸರು ಹೇಳುತ್ತಿದ್ದರು. ಜಗಳ ಮಾಡುತ್ತ ಕೂತರೆ ಹಡಗು ನೀರಿಗಿಳಿಯುವುದಿಲ್ಲ. ಅದಕ್ಕೆ ನನ್ನ ತಂದೆ ಒಂದು ಪದ್ಧತಿ ಇಟ್ಟಿದ್ದರು. ಯಾರ ಕೈಯಲ್ಲಿ ಸುತ್ತಿಗೆ ಇದೆಯೋ, ಆ ಹೊತ್ತಿಗೆ ಅವನ ಹೆಸರು. ಉಳಿದವರು ಹಾಗೆಯೇ ಹೇಳಿ ಮೊಳೆ ಕೊಡಬೇಕು."

"ಹಾಗಾದರೆ ಪರೀಕ್ಷೆಯಲ್ಲಿ ಸುತ್ತಿಗೆ ಬದ್ರಿಯಾ ಅವರ ಕೈಯಲ್ಲಿ. ಅವರ ಹಾಗೆಯೇ ಹೇಳಬಹುದಿತ್ತಲ್ಲ?"

"ಹೇಗೆ ಹೇಳಲಿ? ಪಕ್ಕದಲ್ಲಿ ನೀವು. ನಿಮ್ಮ ಬಾಯಿಂದ ಕಲಿತದ್ದನ್ನು ನಿಮ್ಮೆದುರೇ ಬೇರೆ ಥರ ಹೇಳಿದರೆ ನೀವು ಕಲಿಸಿದ್ದು ತಪ್ಪು ಎಂದ ಹಾಗೆ. ಆ ಕಡೆ ಮುದೀರ್, ಗೋಡೆಯ ಮೇಲೆ ಅವರ ಫರ್ಮಾನು." ಅವರು ಮುದೀರ್ ಎಂದದ್ದು ಪ್ರಿನ್ಸಿಪಾಲರನ್ನು. "ನಿಮ್ಮ ಹಾಗೆ ಹೇಳಿದರೆ ಮನೆಗೆ ಬಂದ ಅತಿಥಿಯಾದ ಬದ್ರಿಯಾ ಅವರನ್ನು ತಿದ್ದಿದ ಹಾಗೆ. ಮೂವರ ಕೈಯಲ್ಲೂ ಸುತ್ತಿಗೆ ಇರುವಾಗ, ಉಸ್ತಾದಾ, ಬಡಗಿ ಬಾಯಿ ಮುಚ್ಚಿಕೊಂಡಿರಬೇಕು."

"ಆದರೆ ನಿಮ್ಮ ಮಗಳು—"

"ಗೊತ್ತು," ಎಂದರು. "ಆದರೂ."

ನಾನು ಪ್ರಿನ್ಸಿಪಾಲರ ಬಳಿ ಹೋಗಿ ಎಲ್ಲವನ್ನೂ ವಿವರಿಸಿದೆ. ಮೂರನೆಯ ಸಲ ನಾವಿಬ್ಬರೂ ಒಳಗೆ ಕೂರುವುದು ಬೇಡ ಎಂದು ಕೇಳಿಕೊಂಡೆ. ಕುಲಕರ್ಣಿ ಸರ್ ಕನ್ನಡಕ ತೆಗೆದಿಟ್ಟರು.

"ಮನಿಗೆ ಅತಿಥಿ ಬಂದು ಕೂತಾಗ ಮನಿ ಯಜಮಾನ ಎದ್ದು ಹೊರಗ ಹೋಗೂದೇನವಾ? ಆ ಹುಡುಗಿ ಏನಂದುಕೋಬೇಕು? ನಮ್ಮ ಸಂಸ್ಥಾಕ್ಕ ಏನ ಮರ್ಯಾದಿ ಉಳೀತದ?"

"ಸರ್, ಅವ್ರಿಗೆ ಇದು ಕಡೀ ಅವಕಾಶ ಐತ್ರಿ."

"ಹಂಗಂತ ರೀತಿ-ರಿವಾಜು ಬಿಡಾಕ ಆಗೂದಿಲ್ಲ."

ಅಲ್ಲಿಯವರೆಗೆ ಖಮೀಸ್ ಒಬ್ಬರೇ ಹಟಮಾರಿ ಎಂದುಕೊಂಡಿದ್ದೆ. ಅವರಿಬ್ಬರೂ ಒಂದೇ ಕಾರಣಕ್ಕೆ ಪಟ್ಟು ಹಿಡಿದಿದ್ದರು: ಅತಿಥಿಯ ಮರ್ಯಾದೆ. ಆ ಮರ್ಯಾದೆಗಾಗಿ ಏಳು ವರ್ಷದ ಹುಡುಗಿಯೊಬ್ಬಳು ತನ್ನ ತಂದೆಗೆ ಖರ್ಜೂರದ ತಟ್ಟೆ ಹಿಡಿಯುತ್ತಲೇ ಇರಬೇಕಾಗಿತ್ತು.

ಮೂರನೆಯ ಮೌಖಿಕ ಒಂದು ಸೋಮವಾರ. ಅದೇ ಕೋಣೆ, ಅದೇ ಪಟ್ಟಿ, ಅದೇ ನಾಲ್ಕು ಜನ. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಇಬ್ರಾಹಿಂ ಕೆಡದೇ ಇದ್ದ ಸ್ವಿಚ್ಚೊಂದನ್ನು ರಿಪೇರಿ ಮಾಡುತ್ತ ನಿಂತಿದ್ದರು. ಬದ್ರಿಯಾ ಒಳ್ಳೆಯವರು. ಅವರಿಗೂ ಈ ಮನುಷ್ಯನನ್ನು ಮೂರನೆಯ ಸಲ ಅನುತ್ತೀರ್ಣ ಮಾಡುವ ಮನಸ್ಸಿರಲಿಲ್ಲ. ನಿಧಾನವಾಗಿ, ಬಿಡಿಸಿ ಕೇಳಿದರು: "ಒಂದು ಕಚೇರಿಯಲ್ಲಿ ರೌಟರ್ ಯಾಕೆ ಬೇಕು?"

ಖಮೀಸ್ ನನ್ನ ಕಡೆ ನೋಡಿದರು. ತಲೆ ತಗ್ಗಿಸಿದರು. ಬದ್ರಿಯಾ ಪೆನ್ನು ಎತ್ತಿಕೊಂಡರು.

ನಾನು ಆಗ ಮಾಡಿದ್ದು ನನ್ನ ಸ್ವಭಾವಕ್ಕೆ ಹೊರತಾದದ್ದು. ಪರೀಕ್ಷೆಯಲ್ಲಿ ಶಿಕ್ಷಕಿ ಮಾತಾಡುವಂತಿಲ್ಲ. ನನ್ನ ಮುಂದಿನ ಎರಡು ವರ್ಷದ ಒಪ್ಪಂದದ ಕಾಗದ ಅದೇ ವಾರ ಕುಲಕರ್ಣಿ ಸರ್ ಮೇಜಿನ ಮೇಲೆ ಸಹಿಗೆ ಕಾದಿತ್ತು. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು: "ಹೇಳಿ ಖಮೀಸ್. ರೌಟರ್ ಯಾಕೆ ಬೇಕು? ನಾವು ಪ್ರಯೋಗಾಲಯದಲ್ಲಿ ನೋಡಿದೆವಲ್ಲ, ಆ ರೌಟರ್."

ಒಂದಲ್ಲ, ಎರಡು ಸಲ ರೌಟರ್ ಎಂದಿದ್ದೆ. ಹೊರಗೆ ಇಬ್ರಾಹಿಂ ಕೈಯಿಂದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

ಖಮೀಸ್ ತಲೆ ಎತ್ತಿದರು. ನನ್ನ ಸುತ್ತಿಗೆ ಕೆಳಗಿಟ್ಟಾಗಿತ್ತು. ಅವರ ದೃಷ್ಟಿ ಮೆಲ್ಲನೆ ಮೇಜಿನ ತಲೆಯ ಕಡೆ ಹೋಯಿತು. ನಾನೂ ಆ ಕಡೆ ನೋಡಿದೆ. ಬದ್ರಿಯಾ ಏನೂ ಅರ್ಥವಾಗದೆ, ನಾವೆಲ್ಲ ನೋಡುತ್ತಿದ್ದುದರಿಂದ ತಾವೂ ನೋಡಿದರು.

ಕುಲಕರ್ಣಿ ಸರ್ ಪಟ್ಟಿಯನ್ನು ನೋಡಿದರು. ಹನ್ನೆರಡನೆಯ ಸಾಲು ಅವರಿಗೆ ಅಲ್ಲಿಂದಲೇ ಕಾಣುತ್ತಿತ್ತು. ಕೆಮ್ಮಿದರು. ನೀರು ಕುಡಿದರು. ಚಿಕ್ಕ ಮಕ್ಕಳಿಗೆ ಮೂಗು ಹಿಡಿದು ಕಷಾಯ ಕುಡಿಸುವಾಗ ಆಗುವ ಮುಖವೇ ಅವರದಾಗಿತ್ತು.

"ಹೌದು," ಎಂದರು ಕೊನೆಗೆ, ಲಂಡನ್ನಿನ ಇಂಗ್ಲಿಷಿನಲ್ಲಿ. "ದಯವಿಟ್ಟು ಹೇಳಿ. ಆ... ರೌಟರ್."

ಖಮೀಸ್ ಬಲಗೈಯನ್ನು ಎದೆಯ ಮೇಲಿಟ್ಟು ಮೊದಲು ಅವರಿಗೆ, ಆಮೇಲೆ ನನಗೆ ಸ್ವಲ್ಪ ಬಾಗಿದರು. ಬದ್ರಿಯಾ ಕಡೆ ತಿರುಗಿ ಮಾತಾಡಲು ಶುರು ಮಾಡಿದರು. ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ. ಕಚೇರಿಯೆಂದರೆ ಬಂದರು, ರೌಟರ್ ಎಂದರೆ ಯಾವ ಸರಕು ಯಾವ ಊರಿಗೆ ಎಂದು ತಿಳಿದ ನಾವಿಕ, ಎಂದು ಮೊದಲಿಟ್ಟು, ವಿಳಾಸ, ತಂತಿ, ದೋಷ, ಪರಿಹಾರ ಎಲ್ಲವನ್ನೂ ಹೇಳಿದರು. ಬದ್ರಿಯಾ ಅವರ ಕಾಫಿ ತಣ್ಣಗಾಯಿತು. ಎರಡು ಸಲ ಮುಂದಿನ ಪ್ರಶ್ನೆ ಕೇಳಲು ಪ್ರಯತ್ನಿಸಿ, ಅದರ ಉತ್ತರವೂ ಬರುತ್ತಿದೆ ಎಂದು ತಿಳಿದು ಸುಮ್ಮನಾದರು. ಕೊನೆಗೆ ನಗುತ್ತ ಕೈ ಎತ್ತಿದರು: "ಖಲಾಸ್, ಖಲಾಸ್! ಇಷ್ಟು ದಿನ ಇದೆಲ್ಲ ಎಲ್ಲಿತ್ತು?"

ಖಮೀಸ್ ಮುಗುಳ್ನಕ್ಕು ತಲೆ ತಗ್ಗಿಸಿದರು.

ಎಲ್ಲರೂ ಹೋದ ಮೇಲೆ ಕುಲಕರ್ಣಿ ಸರ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ನಾಲಿಗಿ ಹೊಳ್ಳಿಬಿಡ್ತು, ಶೈಲಜಾ. ನೀವೇನೂ ಕೇಳಿಸಿಕೊಂಡಿಲ್ಲ."

"ಇಲ್ಲರಿ ಸರ್. ಏನೂ ಕೇಳಿಸಿಕೊಂಡಿಲ್ಲ."

"ನೀವೂ ಏನೂ ಅಂದಿಲ್ಲ."

"ಇಲ್ಲರಿ."

ಒಪ್ಪಂದದ ಕಾಗದಕ್ಕೆ ಮರುದಿನ ಸಹಿಯಾಯಿತು. ಪಟ್ಟಿ ಗೋಡೆಯ ಮೇಲೆ ಉಳಿಯಿತು. ಆದರೆ ಅದಾದ ಮೇಲೆ ನಾನು ಕಲಿಸುವ ರೀತಿ ಬದಲಾಯಿತು. ಹೊಸ ತರಗತಿಯ ಮೊದಲ ದಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, ಇದಕ್ಕೆ ನೀವು ಏನೆನ್ನುತ್ತೀರಿ ಎಂದು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದೆ. ಬಂದ ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಎಲ್ಲವೂ ಇದೇ ಎನ್ನುತ್ತಿದ್ದೆ. ಮೌಖಿಕವನ್ನು ಸಭಾಕೋಣೆಯಿಂದ ಪ್ರಯೋಗಾಲಯಕ್ಕೆ ಸಾಗಿಸಿದೆವು. ಅಭ್ಯರ್ಥಿ ಮೊದಲು ಬೆರಳಿನಿಂದ ತೋರಿಸಬೇಕು, ಮಾಡಿ ತೋರಿಸಬೇಕು, ಹೆಸರು ಆಮೇಲೆ. ಕಲಿಸಿದವರು ಬಾಗಿಲ ಹೊರಗೆ. ಪ್ರಿನ್ಸಿಪಾಲರು ಅತಿಥಿಗೆ ಕಾಫಿ ಕೊಟ್ಟು ಹೊರಡಬಹುದು ಎಂಬ ಹೊಸ ರಿವಾಜನ್ನು ಕುಲಕರ್ಣಿ ಸರ್ ತಾವೇ ಕಂಡುಹಿಡಿದರು. ಉತ್ತರ ಹೇಳದವರಿಗೆ ಉತ್ತರ ಗೊತ್ತಿಲ್ಲ ಎಂದು ನಾನು ಮತ್ತೆಂದೂ ಬೇಗನೆ ತೀರ್ಮಾನಿಸಲಿಲ್ಲ. ಸ್ಮಿತಾ, ನಿನಗೆ ಹೇಳಬೇಕಾದ ಮುಖ್ಯ ಮಾತು ಅದೇ. ರೂಟರೋ ರೌಟರೋ ಎಂಬುದು ಆಮೇಲಿನದು.

ನಾನು ಇನ್ನೊಂದು ಕೆಲಸವನ್ನೂ ಮಾಡಿದೆ. ಇಬ್ರಾಹಿಂ ಅವರಿಂದ ಆ ಗಂಟಲಿನ ಖ ಕಲಿತೆ. ಮನೆಯಲ್ಲಿ ಯಾರೂ ಇಲ್ಲದಾಗ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. ಪಕ್ಕದ ಮನೆಯವರು ಒಂದು ದಿನ ಶುಂಠಿ ಕಳಿಸಿದರು.

ಒಂದು ವರ್ಷದ ಮೇಲೆ ಸೂರ್‌ನಿಂದ ಫೋನ್ ಬಂತು. ದನಿ ಗುರುತಾಯಿತು.

"ಹೇಳಿ, ಖಮೀಸ್," ಎಂದೆ, ಕಲಿತ ಹಾಗೆ, ಗಂಟಲಿನ ಆಳದಿಂದ.

"ಕ್ಷಮಿಸಿ," ಎಂದರು. "ಉಸ್ತಾದಾ ಶೈಲಜಾ ಅವರಿಗೆ ಕೊಡುತ್ತೀರಾ?"

ನಾನೇ ಎಂದು ನಂಬಿಸಲು ಎರಡು ನಿಮಿಷ ಬೇಕಾಯಿತು. ಆಮೇಲೆ ಕಚೇರಿಯ ಸುದ್ದಿ ಹೇಳಿದರು. ಅವರ ಕೈಕೆಳಗೆ ಈಗ ನಾಲ್ಕು ಜನರಿದ್ದರು. ಅವರಲ್ಲೊಬ್ಬ ವಿದೇಶದಲ್ಲಿ ಓದಿ ಬಂದವನು, ಮೊದಲ ದಿನವೇ ರೌಟರ್ ಎಂದನಂತೆ.

"ನೀವು ಏನೆಂದಿರಿ?"

"ಈ ಕಚೇರಿಯಲ್ಲಿ ಇದು ರೂಟರ್ ಎಂದೆ. ಇಲ್ಲಿ ಸುತ್ತಿಗೆ ನನ್ನ ಕೈಯಲ್ಲಿದೆ, ಉಸ್ತಾದಾ. ಮುದೀರ್‌ಗೆ ನನ್ನ ಸಲಾಂ ಹೇಳಿ."

ಈ ಸುದ್ದಿ ಹೇಳಿದಾಗ ಕುಲಕರ್ಣಿ ಸರ್ ಪಟ್ಟಿಯ ಮೇಲಿನ ಧೂಳು ಒರೆಸಿದ್ದನ್ನು ನಾನು ಕಣ್ಣಾರೆ ಕಂಡೆ.

ಫೋನ್ ಇಡುವ ಮೊದಲು ಕೇಳಬೇಕಾದದ್ದನ್ನು ಕೇಳಿದೆ. "ಮಗಳು ಹೇಗಿದ್ದಾಳೆ? ಈಗಲೂ ಬಾಗಿಲಲ್ಲೇ ಖರ್ಜೂರ ತಂದಿಡುತ್ತಾಳೋ?"

"ಖರ್ಜೂರವೇ?" ಖಮೀಸ್ ನಕ್ಕರು. ಅವರು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಿನ್ನೆ ನಾನೇ ಖರ್ಜೂರ ಕೇಳಿದೆ. ಡಬ್ಬಿ ಎಲ್ಲಿದೆ ಅಂತ ನಿನಗೆ ಗೊತ್ತಿಲ್ಲವಾ ಅಪ್ಪ, ಬರುವಾಗ ನನಗೂ ಎರಡು ತಾ ಎಂದಳು."